ಓಪನ್‌ಡಬ್ಲ್ಯುಆರ್‌ಟಿ: ಮೂರು ಮಳೆಗಾಲ ಬಳಸಿದ ಮೇಲೆ

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟದ ಮನೆಯಲ್ಲೇ ಮೂರು ಕೋಣೆಗಳ ಹೋಂಸ್ಟೇ ಇದೆ. ಸಂಪರ್ಕದ ಜೊತೆ ಬಂದಿದ್ದ ರೂಟರ್ ದಿನಕ್ಕೆರಡು ಸಲ ಮಾತು ನಿಲ್ಲಿಸುತ್ತಿತ್ತು. ಮಳೆ ಹಿಡಿದರೆ ಇಲ್ಲಿ ಏನು ಕೆಟ್ಟರೂ ಅಪವಾದ ಕರೆಂಟಿಗೆ. ನಾವೂ ಅದನ್ನೇ ದೂರಿದೆವು. ಕೊನೆಗೆ ಬೇರೊಂದು ರೂಟರ್ ತಂದು ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ, ಲಿನಕ್ಸ್ ಆಧಾರಿತ ರೂಟರ್ ಸಾಫ್ಟ್‌ವೇರ್ ಹಾಕಿದೆ. ಕಾಟ ತಪ್ಪಿತು. ಕಾರಣ ಗೊತ್ತಾಗಿದ್ದು ಮಾತ್ರ ಎಂಟು ತಿಂಗಳ ನಂತರ.

ಒಂದು ಸಂಜೆ ರೂಟರ್‌ನೊಳಗಿನ ಲಿನಕ್ಸ್ ಇಡುವ ಎಣಿಕೆಗಳನ್ನು ನೋಡುತ್ತಿದ್ದಾಗ ‘ಇನ್‌ಹೆಡರ್‌ಎರರ್ಸ್’ ಏರುತ್ತಲೇ ಇತ್ತು. ನೆಟ್‌ವರ್ಕ್‌ನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ತುಂಡುಗಳಾಗಿ ಹೋಗುತ್ತದೆ, ಹೆಡರ್ ಅದರ ತಲೆಬರಹ. ತಲೆಬರಹ ತಪ್ಪಿದ ಪ್ಯಾಕೆಟ್‌ಗಳ ಲೆಕ್ಕ ಇದು. ಅತಿಥಿಗಳು ಪ್ಯಾಕೆಟ್‌ನ ದಾರಿ ತೋರಿಸುವ ಟ್ರೇಸ್‌ರೂಟ್ ಓಡಿಸಿದರೂ ಇದು ಏರುತ್ತದೆ, ಟಿಟಿಎಲ್ (ಎಷ್ಟು ರೂಟರ್ ದಾಟಬಹುದೆಂಬ ಮಿತಿ) ತೀರಿದ ಪ್ಯಾಕೆಟ್‌ಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಆದರೆ ಅಂದು ಅತಿಥಿಗಳೇ ಇರಲಿಲ್ಲ. ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ನಡುನಡುವೆ ‘ಬ್ಯಾಡ್ ಎಚ್‌ಲೆನ್ 12’, ಅಂದರೆ ಹೆಡರ್ ಉದ್ದ ತಪ್ಪು, ಎಂಬ ಸಾಲುಗಳು. ಇಂಟರ್‌ನೆಟ್‌ನ ಐಪಿವಿ4 ಪದ್ಧತಿಯಲ್ಲಿ ಹೆಡರ್ 20 ಬೈಟ್‌ಗಿಂತ ಚಿಕ್ಕದಿರುವಂತಿಲ್ಲ. ಈ ಪ್ಯಾಕೆಟ್ ತನ್ನದು 12 ಎನ್ನುತ್ತಿತ್ತು. ಕಳಿಸುತ್ತಿದ್ದದ್ದು ಕಾಫಿ ಒಣಗಿಸುವ ಕಣ ಕಾಯುವ ಕ್ಯಾಮೆರಾದ ರೆಕಾರ್ಡರ್. ಅದರ ನೆಟ್‌ವರ್ಕ್ ತಂತಿ ಕಿತ್ತೆ, ಎಣಿಕೆ ನಿಂತಿತು. ಹಳೆಯ ರೂಟರ್‌ಗೆ ಜೀವ ಹಿಂಡಿದ್ದು ಇದೇ ಎಂದು ನನ್ನ ಗುಮಾನಿ.

ಹೆಡರ್ ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬುವ ಸಾಫ್ಟ್‌ವೇರ್ ತನ್ನದಲ್ಲದ ಮೆಮೊರಿಗೆ ಕೈ ಹಾಕುತ್ತದೆ. ನಮ್ಮದು ಕೆಟ್ಟ ಯಂತ್ರದ ತೊದಲು. ಬೇಕೆಂದೇ ಹೀಗೆ ಕಳಿಸುವವರೂ ಇದ್ದಾರೆ. 1996ರ ‘ಪಿಂಗ್ ಆಫ್ ಡೆತ್’ ನೆನೆಯಿರಿ: ದೊಡ್ಡ ಪ್ಯಾಕೆಟ್ ತುಣುಕುಗಳಾಗಿ ಬಂದು ಮತ್ತೆ ಜೋಡಣೆಯಾಗುತ್ತದೆ. ಕೊನೆಯ ತುಣುಕನ್ನು ತೀರ ತುದಿಯ ಸ್ಥಾನದಲ್ಲಿಟ್ಟರೆ, ಜೋಡಿಸಿದ ಪ್ಯಾಕೆಟ್ 65,535 ಬೈಟ್‌ಗಳ ಮಿತಿ ಮೀರಿ ಬಫರ್ ಎಂಬ ಕಾದಿಟ್ಟ ಮೆಮೊರಿಯಿಂದ ಆಚೆ ಚೆಲ್ಲುತ್ತಿತ್ತು, ಯಂತ್ರ ಮಲಗುತ್ತಿತ್ತು. ಲಿನಕ್ಸ್ ಈಗ ಇಂಥವನ್ನು ಸದ್ದಿಲ್ಲದೆ ಎಸೆಯುತ್ತದೆ. ಸದ್ದಿಲ್ಲದಿರುವುದೇ ನನ್ನ ತಕರಾರು ಕೂಡ. ಎಂಟು ತಿಂಗಳು ಕಳ್ಳನನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆ.

ಓಪನ್‌ಡಬ್ಲ್ಯುಆರ್‌ಟಿಯ ಫೈರ್‌ವಾಲ್ ಪುಟದಲ್ಲಿ ‘ಡ್ರಾಪ್ ಇನ್‌ವ್ಯಾಲಿಡ್ ಪ್ಯಾಕೆಟ್ಸ್’ ಎಂಬ ಆಯ್ಕೆ ಇದೆ. ಹೆಡರ್ ತಪ್ಪು ಹಿಡಿಯುವುದು ಇದೇ ಎಂದು ನಾನೂ ಭ್ರಮಿಸಿದ್ದೆ. ಹೆಡರ್ ತಪಾಸಣೆಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ಹೇಗೂ ಮಾಡುತ್ತದೆ. ಈ ಆಯ್ಕೆ ಎಸೆಯುವುದು ಯಾವ ಸಂಪರ್ಕಕ್ಕೂ ಸೇರಿದ್ದೆಂದು ಗುರುತಿಸಲಾಗದ ಪ್ಯಾಕೆಟ್‌ಗಳನ್ನು. ನಮ್ಮಲ್ಲಿ ಫೈಬರ್ ಕಡಿದಾಗಲೆಂದು 4ಜಿಯ ಎರಡನೇ ರೂಟರ್ ಇದೆ. ಒಂದರಲ್ಲಿ ಹೋದ ಮಾತಿಗೆ ಇನ್ನೊಂದರಲ್ಲಿ ಉತ್ತರ ಬರುವಂತೆ ನಾನೇ ತಂತಿ ಎಳೆದಿದ್ದೆ. ಮಾತಿನ ಒಂದೇ ಬದಿ ಕಂಡ ರೂಟರ್‌ಗೆ ಅದು ಯಾವ ಸಂಪರ್ಕದ್ದೆಂದು ತಿಳಿಯದು. ಆಯ್ಕೆ ಒತ್ತಿದ ದಿನ ಅರ್ಧ ಮನೆಗೆ ಇಂಟರ್‌ನೆಟ್ ಇಲ್ಲ. ತಂತಿ ಸರಿಪಡಿಸಿ ಆಯ್ಕೆಯನ್ನು ಮತ್ತೆ ಹಾಕಿದೆ.

ಟಿಸಿಪಿಡಂಪ್ ಬೇರೆಯಾಗಿ ಹಾಕಿಕೊಳ್ಳಬೇಕು, ಜಾಗ ಕಡಿಮೆಯಿರುವ ರೂಟರ್ ಆದರೆ ಕಷ್ಟ. ಓಪನ್‌ಡಬ್ಲ್ಯುಆರ್‌ಟಿಯನ್ನು ಹೊಸ ಆವೃತ್ತಿಗೆ ಏರಿಸಿದಾಗ ಸೆಟ್ಟಿಂಗ್‌ಗಳು ಉಳಿದವು, ಟಿಸಿಪಿಡಂಪ್ ಹೋಯಿತು.

ರೆಕಾರ್ಡರ್‌ಗೆ ಇನ್ನೂ ತಂತಿ ಕೊಟ್ಟಿಲ್ಲ. ಕಣದಲ್ಲಿ ಏನಾಯಿತೆಂದು ನೋಡಬೇಕಾದರೆ ಛತ್ರಿ ಹಿಡಿದು ರೆಕಾರ್ಡರ್ ಇರುವ ಗೋದಾಮಿನವರೆಗೆ ನಡೆಯುತ್ತೇನೆ.