ಜಿಯೋನೆಟ್: ನೆಲ ಸರಿದದ್ದನ್ನು ಅಳೆಯುವ ಜಪಾನಿನ ಸೇವೆ

ದೊಡ್ಡ ಭೂಕಂಪಕ್ಕೆ ಭೂಕಂಪಮಾಪಕವೊಂದನ್ನೇ ನೆಚ್ಚಿದರೆ ಏನಾಗಬಹುದೆಂಬುದಕ್ಕೆ 2011ರ ಮಾರ್ಚ್ 11 ಸಾಕ್ಷಿ. ಮಧ್ಯಾಹ್ನ 2:46ಕ್ಕೆ ನೆಲ ನಡುಗಿದ ಮೂರು ನಿಮಿಷಕ್ಕೆ ಜಪಾನಿನ ಹವಾಮಾನ ಸಂಸ್ಥೆ ಹೊರಡಿಸಿದ ಮೊದಲ ಸುನಾಮಿ ಎಚ್ಚರಿಕೆಗೆ ಆಧಾರವಾಗಿದ್ದ ತೀವ್ರತೆ 7.9, ನಿಜವಾದದ್ದು 9.0. ಇವಾತೆ, ಫುಕುಶಿಮಾ ಕರಾವಳಿಗೆ 3 ಮೀಟರ್ ಎಂದಿದ್ದ ಅಲೆಯ ಅಂದಾಜನ್ನು ಏರಿಸುವಷ್ಟರಲ್ಲಿ ಕಂಪನವಾಗಿ 28 ನಿಮಿಷಗಳು ಕಳೆದಿದ್ದವು. ತುರ್ತು ಲೆಕ್ಕಕ್ಕೆ ಬಳಸುವ ವಿಧಾನ 8ರ ಆಚೀಚೆ ಬಂದಾಗ ಮೇಲೇರದೆ ನಿಂತುಬಿಡುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಆನೆಯನ್ನು ತೂಗಿದ ಹಾಗೆ.

ಜಿಯೋನೆಟ್ ನನಗೆ ಮೆಚ್ಚಿಗೆಯಾಗುವುದು ಈ ಒಂದು ಕಾರಣಕ್ಕೆ. ಜಪಾನಿನ ಸರ್ಕಾರಿ ಭೂಮಾಪನ ಸಂಸ್ಥೆ ದೇಶದುದ್ದಕ್ಕೂ ಸರಿಸುಮಾರು 20 ಕಿಲೋಮೀಟರಿಗೊಂದರಂತೆ ನೆಟ್ಟಿರುವ ಸುಮಾರು 1300 ಕಂಬಗಳು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ನೆಲ ಎಷ್ಟು ಅಲುಗಿತು ಎಂಬುದನ್ನಲ್ಲ, ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ಹೇಳುತ್ತವೆ. ನೆಲ ಸರಿದ ದೂರಕ್ಕೆ ಅಂಥ ಮೇಲ್ಮಿತಿಯಿಲ್ಲ. ಮಿಯಾಗಿ ಕರಾವಳಿಯ ಓಶಿಕಾ ಕೇಂದ್ರ ಅಂದು 5.3 ಮೀಟರ್ ಪಕ್ಕಕ್ಕೆ ಸರಿದು 1.2 ಮೀಟರ್ ಕುಸಿಯಿತು. ಅಂದಿನ ದತ್ತಾಂಶವನ್ನು ಆಮೇಲೆ, ಆ ಕ್ಷಣದಲ್ಲೇ ಲೆಕ್ಕ ಹಾಕುತ್ತಿರುವಂತೆ ಸಂಸ್ಕರಿಸಿ ನೋಡಿದಾಗ ಐದು ನಿಮಿಷದೊಳಗೇ 8.7 ಎಂಬ ಉತ್ತರ ಸಿಕ್ಕಿತ್ತು.

ಆ ಪಾಠದಿಂದ ರೂಪುಗೊಂಡ ತಕ್ಷಣದ ಲೆಕ್ಕಾಚಾರ ವ್ಯವಸ್ಥೆ ರಿಗಾರ್ಡ್, 2016ರ ಏಪ್ರಿಲ್‌ನ ಕುಮಾಮೋಟೋ ಭೂಕಂಪಕ್ಕೆ ಐದು ನಿಮಿಷದೊಳಗೆ 6.96 ಎಂದಿತು, ಹವಾಮಾನ ಸಂಸ್ಥೆಯ ಲೆಕ್ಕ 7.0. ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕೆನಿಸುವುದಿಲ್ಲ.

ಕೊರತೆಗಳೂ ಇವೆ. ತಕ್ಷಣದ ಸ್ಥಾನನಿರ್ಣಯದಲ್ಲಿ ಕೆಲವು ಸೆಂಟಿಮೀಟರ್‌ಗಳ ಏರುಪೇರು ಸಹಜವಾದ್ದರಿಂದ ಕರಾವಳಿಯಾಚೆ ಸಮುದ್ರದಡಿ ಆಗುವ ಸಣ್ಣ ಕಂಪನಗಳು ಅದರಲ್ಲೇ ಮುಚ್ಚಿಹೋಗುತ್ತವೆ. ಕಂಬಗಳೆಲ್ಲ ದಡದ ಮೇಲೇ ಇರುವುದರಿಂದ, ಸುನಾಮಿ ಹುಟ್ಟುವ ಸಮುದ್ರತಳದ ಕಂದಕದ ಬಳಿಯ ಜಾರುವಿಕೆ ಮಸುಕಾಗಿಯೇ ಕಾಣುತ್ತದೆ. ಹೀಗಾಗಿ ಮೊದಲ ಎಚ್ಚರಿಕೆಯನ್ನು ಭೂಕಂಪಮಾಪಕಗಳಿಗೇ ಬಿಟ್ಟು, ಅದನ್ನು ತಿದ್ದುವ ಕೆಲಸಕ್ಕೆ ಇದನ್ನು ಇಟ್ಟುಕೊಳ್ಳುವುದು ವಿವೇಕ. ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಸುನಾಮಿ ಎಚ್ಚರಿಕೆ ನೀಡುವ ಹೈದರಾಬಾದಿನ ಸಂಸ್ಥೆ ಇಂಕಾಯಿಸ್ ಇಂಥ ಗ್ರಾಹಕಗಳನ್ನು ಕಂಪನಮಾಪಕಗಳ ಜೊತೆಯಲ್ಲೇ ಕೂರಿಸಿರುವುದು ಸರಿಯಾಗಿದೆ.

ನೋಂದಾಯಿಸಿಕೊಂಡವರಿಗೆ ಪ್ರತಿ ಕೇಂದ್ರದ ದೈನಂದಿನ ನಿರ್ದೇಶಾಂಕಗಳು ಉಚಿತ. ಮೊದಲು ಓಶಿಕಾದ ಕಡತವನ್ನೇ ತೆರೆಯಿರಿ: ಅಂದು ಒಮ್ಮೆಗೇ ಕುಸಿದ ನೆಲ ಆಮೇಲೆ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಮೇಲೇಳುತ್ತಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.