ಈಕ್ವಿಟಿ ರಿಸರ್ಚ್ ಆನ್‌ಲೈನ್ ಕೋರ್ಸ್: ಕೆಲಸಕ್ಕೆ ಸೇರಿದ ಮೇಲೆ ಬರೆದ ವಿಮರ್ಶೆ

ಕೋರ್ಸ್ ಮುಗಿದ ದಿನವೇ ಐದು ಸ್ಟಾರ್ ಕೊಟ್ಟು ಬರೆಯುವವರು ಜಾಸ್ತಿ. ನಾನು ಬೇಕೆಂದೇ ತಡ ಮಾಡಿದೆ. ಆಡಿಟ್ ಕೆಲಸದಿಂದ ಇನ್ವೆಸ್ಟ್‌ಮೆಂಟ್ ರಿಸರ್ಚ್‌ಗೆ, ಅಂದರೆ ಕಂಪನಿಗಳನ್ನು ಅಧ್ಯಯನ ಮಾಡಿ ಷೇರು ಕೊಳ್ಳಬೇಕೋ ಬೇಡವೋ ಅಂತ ಹೇಳುವ ಕೆಲಸಕ್ಕೆ, ಬರಬೇಕು ಅಂತ ಈ ಕೋರ್ಸ್ ತೆಗೆದುಕೊಂಡಿದ್ದೆ. ಈಗ ಒಂದು ಫಂಡ್‌ನಲ್ಲಿ ರಿಟೇಲ್ ಕಂಪನಿಗಳನ್ನು ನೋಡಿಕೊಳ್ಳುವ ಅನಲಿಸ್ಟ್ ಆಗಿದ್ದೇನೆ. ಕಲಿತದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಈಗ ಹೇಳಬಲ್ಲೆ. ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸ್ ಯಾವುದನ್ನೇ ಆರಿಸುವವರಿಗೂ ಏನನ್ನು ನೋಡಬೇಕು ಅಂತ ಗೊತ್ತಾದರೆ ಸಾಕು.

ಮೊದಲ ಭಾಗ ಎಕ್ಸೆಲ್ ಮಾಡೆಲ್, ಅಂದರೆ ಕಂಪನಿಯ ಮುಂದಿನ ವರ್ಷಗಳ ಲೆಕ್ಕವನ್ನು ಅಂದಾಜಿಸುವ ಶೀಟ್. ಇದನ್ನು ತುಂಬಾ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಖಾಲಿ ಶೀಟ್‌ನಿಂದ ಶುರು. ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಮೂರನ್ನೂ ಒಂದಕ್ಕೊಂದು ಜೋಡಿಸಬೇಕು. ಕೈಯಿಂದ ಹಾಕಿದ ಅಂಕಿ ನೀಲಿ ಬಣ್ಣದಲ್ಲಿ, ಫಾರ್ಮುಲಾ ಕಪ್ಪಿನಲ್ಲಿ. ಕೊನೆಗೆ ಬ್ಯಾಲೆನ್ಸ್ ಶೀಟ್‌ನ ಎರಡು ಬದಿಗಳ ವ್ಯತ್ಯಾಸ ತೋರಿಸುವ ಒಂದು ಚೆಕ್ ಸಾಲು, ಅಲ್ಲಿ ಸೊನ್ನೆ ಬರಲೇಬೇಕು. ಬರದಿದ್ದರೆ ಸುಮ್ನೆ ಒಂದು ಅಂಕಿ ತುರುಕಿ ಸರಿಮಾಡಲು ಬಿಡುವುದಿಲ್ಲ, ವ್ಯತ್ಯಾಸ ಎಲ್ಲಿ ಹುಟ್ಟಿತು ಅಂತ ಹುಡುಕಿಸುತ್ತಾರೆ. ಬಡ್ಡಿ ಸಾಲದ ಮೇಲೆ, ಸಾಲ ಕೈಯಲ್ಲಿ ಉಳಿದ ನಗದಿನ ಮೇಲೆ, ನಗದು ಮತ್ತೆ ಬಡ್ಡಿಯ ಮೇಲೆ ನಿಂತಿರುತ್ತದೆ ಅಲ್ವಾ? ಆ ಸುತ್ತನ್ನು ಬೇಕಾದಾಗ ತುಂಡರಿಸಲು ಒಂದು ಸ್ವಿಚ್ ಸೆಲ್ ಇಡುವುದನ್ನೂ ತೋರಿಸಿದರು. ಇವತ್ತಿಗೂ ನನ್ನ ಪ್ರತಿ ಫೈಲ್‌ನಲ್ಲಿ ಆ ಸೆಲ್ ಇದೆ.

ಆದರೂ ಕೊಟ್ಟ ದುಡ್ಡು ಸಾರ್ಥಕ ಅನಿಸಿದ್ದು ಬರವಣಿಗೆಯ ಭಾಗದಲ್ಲಿ. ಒಂದು ಕಂಪನಿ ಆರಿಸಿ ಎರಡು ಪುಟದ ರಿಸರ್ಚ್ ನೋಟ್ ಬರೆದು ಕಳಿಸಬೇಕು. ಕೆಲಸದಲ್ಲಿರುವ ಅನಲಿಸ್ಟ್ ಒಬ್ಬರು ಅದನ್ನು ಸಾಲು ಸಾಲಾಗಿ ತಿದ್ದುತ್ತಾರೆ. ಮಾರಾಟ ವರ್ಷಕ್ಕೆ 12% ಬೆಳೆಯುತ್ತದೆ ಅಂತ ಬರೆದರೆ ಪಕ್ಕದಲ್ಲೇ ಪ್ರಶ್ನೆ ಬೀಳುತ್ತದೆ: ಹೊಸ ಅಂಗಡಿಗಳಿಂದ ಎಷ್ಟು, ಹಳೇ ಅಂಗಡಿಗಳಲ್ಲಿ ಗಿರಾಕಿ ಹೆಚ್ಚಿ ಎಷ್ಟು, ಬೆಲೆ ಏರಿಸಿ ಎಷ್ಟು? ಲಾಭ ಏರುತ್ತಿದ್ದು ವ್ಯವಹಾರದಿಂದ ಬರುವ ನಗದು ಇಳಿಯುತ್ತಿದ್ದರೆ ಇನ್ನಷ್ಟು ಪ್ರಶ್ನೆ. ಬಾಕಿ ವಸೂಲಿಗೆ ಹಿಡಿಯುವ ದಿನಗಳು ಹೆಚ್ಚಾದವಾ? ಸರಕು ಗೋಡೌನ್‌ನಲ್ಲೇ ಕೂತಿದೆಯಾ? ಷೇರಿನ ಈಗಿನ ಬೆಲೆಯಲ್ಲೇ ಇದೆಲ್ಲ ಸೇರಿಹೋಗಿದ್ದರೆ ನೀವು ಹೊಸದಾಗಿ ಹೇಳುತ್ತಿರುವುದೇನು? ಮತ್ತೆ ಕೊನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಮುಂದಿನ ಫಲಿತಾಂಶದಲ್ಲಿ ಯಾವ ಅಂಕಿ ಕಂಡರೆ ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ?

ಕೆಲಸದ ಸಂದರ್ಶನದಲ್ಲಿ ನನ್ನ ಸರ್ಟಿಫಿಕೇಟ್ ಬಗ್ಗೆ ಯಾರೂ ಕೇಳಲಿಲ್ಲ. ಆ ನೋಟ್ ತೆರೆದಿಟ್ಟು, ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳಿದರು. ತಿದ್ದಿದವರಿಗೆ ನಾನು ಋಣಿ.

ಮೌಲ್ಯಮಾಪನದ ಭಾಗ ಅಷ್ಟಕ್ಕಷ್ಟೇ. ಡಿಸ್ಕೌಂಟೆಡ್ ಕ್ಯಾಶ್ ಫ್ಲೋ, ಅಂದರೆ ಕಂಪನಿಗೆ ಮುಂದೆ ಬರುವ ನಗದನ್ನು ಒಂದು ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿ ಲೆಕ್ಕ ಹಾಕುವ ವಿಧಾನದ ಬಗ್ಗೆ, ಒಂದು ಒಳ್ಳೆಯ ಪಾಠ ಇದೆ. ಡಿಸ್ಕೌಂಟ್ ದರ 10% ಇಟ್ಟು, ಕೊನೆಯ ವರ್ಷದ ನಂತರದ ಶಾಶ್ವತ ಬೆಳವಣಿಗೆಯನ್ನು 3%ರಿಂದ 4%ಕ್ಕೆ ಏರಿಸಲು ಹೇಳುತ್ತಾರೆ. ಟರ್ಮಿನಲ್ ವ್ಯಾಲ್ಯೂ (ಆ ಕೊನೆಯ ವರ್ಷದ ನಂತರ ಬರುವ ಎಲ್ಲ ನಗದಿನ ಮೌಲ್ಯ) ಸುಮಾರು 18% ಹಾರುತ್ತದೆ. ಒಂದೇ ಸೆಲ್ ಮುಟ್ಟಿದ್ದಕ್ಕೆ! ಷೇರು ಮುಂದೆ ಇಷ್ಟು ಮುಟ್ಟುತ್ತದೆ ಅಂತ ಅನಲಿಸ್ಟ್ ಹೇಳುವ ಟಾರ್ಗೆಟ್ ಬೆಲೆಯನ್ನು ಎಷ್ಟು ನಂಬಬೇಕು ಅಂತ ಅಲ್ಲೇ ಅರ್ಥವಾಗುತ್ತದೆ. ಆದರೆ ಅದರಾಚೆಗೆ ಹೋಗುವುದೇ ಇಲ್ಲ. ಬ್ಯಾಂಕ್‌ಗಳಿಗೆ ಈ ವಿಧಾನ ಸರಿಹೊಂದುವುದಿಲ್ಲ, ಯಾಕಂದ್ರೆ ಅಲ್ಲಿ ಸಾಲವೇ ಕಚ್ಚಾ ಸರಕು. ಅಲ್ಲಿ ಪುಸ್ತಕ ಮೌಲ್ಯಕ್ಕೆ (ಲೆಕ್ಕದಲ್ಲಿರುವ ಆಸ್ತಿಯಿಂದ ಸಾಲ ಕಳೆದು ಉಳಿಯುವ ಮೊತ್ತ) ಎಷ್ಟು ಪಟ್ಟು ಬೆಲೆ, ಬಂಡವಾಳದ ಮೇಲೆ ಎಷ್ಟು ಗಳಿಕೆ ಅಂತ ನೋಡಬೇಕು. ಇದಕ್ಕೆ ಒಂದು ಸ್ಲೈಡ್ ಬಿಟ್ಟರೆ ಏನೂ ಇಲ್ಲ.

ದೊಡ್ಡ ದೂರು ಬೇರೆ ಇದೆ. ಉದಾಹರಣೆಗೆ ಕೊಟ್ಟಿರುವ ಅಂಗಡಿ ಕಂಪನಿಯ ಅಂಕಿಗಳು 2019ಕ್ಕಿಂತ ಹಿಂದಿನವು. ಆ ವರ್ಷ ಬಾಡಿಗೆ ಒಪ್ಪಂದಗಳ ಕುರಿತ ಅಂತರರಾಷ್ಟ್ರೀಯ ಲೆಕ್ಕ ನಿಯಮ ಐಎಫ್‌ಆರ್‌ಎಸ್ 16 ಜಾರಿಗೆ ಬಂತು. ಆಮೇಲೆ ಅಂಗಡಿಗಳ ಬಾಡಿಗೆ ಒಪ್ಪಂದಗಳು ಸಾಲದ ಹಾಗೆ ಬ್ಯಾಲೆನ್ಸ್ ಶೀಟ್‌ಗೆ ಬಂದವು, ಬಾಡಿಗೆ ಖರ್ಚು ಸವಕಳಿ ಮತ್ತು ಬಡ್ಡಿಯಾಗಿ ಒಡೆದುಹೋಯಿತು. ಒಂದು ವಸ್ತುವೂ ಜಾಸ್ತಿ ಮಾರಾಟವಾಗದೆ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಏರಿತು. ಅಮೆರಿಕದ ಲೆಕ್ಕ ನಿಯಮದಲ್ಲಿ ಅಂಗಡಿ ಬಾಡಿಗೆ ಹೆಚ್ಚಾಗಿ ಈಗಲೂ ಖರ್ಚಾಗಿಯೇ ಉಳಿಯುತ್ತದೆ. ಹಾಗಾಗಿ ಈ ಎರಡು ನಿಯಮ ಅನುಸರಿಸುವ ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ಎಬಿಟ್ಡಾ ಹೋಲಿಸಿದರೆ ಲೆಕ್ಕವೇ ದಿಕ್ಕು ತಪ್ಪುತ್ತದೆ. ನನ್ನ ಕ್ಷೇತ್ರದಲ್ಲಿ ಇದು ದಿನಾ ಎದುರಾಗುವ ವಿಷಯ. ಮೇಲ್ ಮಾಡಿ ಕೇಳಿದೆ, ಮುಂದೆ ಸರಿಪಡಿಸುತ್ತೇವೆ ಅಂದರು, ಸರಿಪಡಿಸಿಲ್ಲ. ದುಡ್ಡು ತೆಗೆದುಕೊಂಡು ಕಲಿಸುವವರು ಹೀಗೆ ಮಾಡಬಾರದು.

ನೀತಿಯ ಪಾಠವೂ ತೀರಾ ತೆಳು, ಒಂದೇ ಒಂದು ಸಣ್ಣ ವಿಡಿಯೋ. 2003ರಲ್ಲಿ ವಾಲ್ ಸ್ಟ್ರೀಟ್‌ನ 10 ದೊಡ್ಡ ಸಂಸ್ಥೆಗಳು ತಮ್ಮ ರಿಸರ್ಚ್ ಪಕ್ಷಪಾತದ್ದು ಎಂಬ ಆರೋಪಕ್ಕೆ ಸುಮಾರು 140 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದನ್ನು ಹೇಳಿ ಮುಗಿಸುತ್ತಾರೆ. ಬ್ಯಾಂಕಿಂಗ್ ವ್ಯವಹಾರದ ಒತ್ತಡ ಅನಲಿಸ್ಟ್‌ಗಳ ಶಿಫಾರಸಿನ ಮೇಲೆ ಹೇಗೆ ಬೀಳುತ್ತಿತ್ತು ಅನ್ನುವುದನ್ನು ಬಿಡಿಸಿ ಹೇಳಬೇಕಿತ್ತು. ಜರ್ಮನಿಯ ಪೇಮೆಂಟ್ ಕಂಪನಿ ವೈರ್‌ಕಾರ್ಡ್ 2020ರಲ್ಲಿ ಕುಸಿದಾಗ, ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ನಗದು ಎಲ್ಲೂ ಇರಲಿಲ್ಲ. ಅಂಥ ಕಂಪನಿಯ ಷೇರು ಕೊಳ್ಳಿ ಎಂದು ಹೇಳಿದ್ದ ಅನಲಿಸ್ಟ್‌ಗಳಿದ್ದರು. ಈ ಕೆಲಸಕ್ಕೆ ಬರುವವರು ಮೊದಲ ವಾರವೇ ಇದನ್ನು ಓದಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಮಾತು ನಂಬಿ ಯಾರದೋ ಉಳಿತಾಯ ಹೋಗುತ್ತದೆ.

ಕೆಲಸ ಕೊಡಿಸುವ ನೆರವು ಅಂತ ಜಾಹೀರಾತಿನಲ್ಲಿದೆ. ಬಂದದ್ದು ಎಲ್ಲರಿಗೂ ಸಿಗುವ ಖಾಲಿ ಹುದ್ದೆಗಳ ಪಟ್ಟಿ. ಅದಕ್ಕಾಗಿ ಸೇರಬೇಡಿ.

ಇದು ಹೂಡಿಕೆ ಕ್ಷೇತ್ರದ ವೃತ್ತಿಪರ ಅರ್ಹತೆಯಾದ ಸಿಎಫ್‌ಎಗೆ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಬದಲಿಯಾ ಅಂತ ಹಲವರು ಕೇಳುತ್ತಾರೆ. ಅಲ್ಲ. ಅದು ಮೂರು ಹಂತದ ಪರೀಕ್ಷೆ, ಮೊದಲ ಹಂತದಲ್ಲೇ 180 ಪ್ರಶ್ನೆ. ಪಾಸಾದ ಮೇಲೂ ಚಾರ್ಟರ್ ಸಿಗಲು ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಯ ಸಂಬಂಧಪಟ್ಟ ಕೆಲಸದ ಅನುಭವ ಬೇಕು. ವಿಷಯದ ಹರವಿಗೆ ಅದು, ಕೈ ಪಳಗಲು ಇದು. ಎರಡೂ ಜೊತೆಗೆ ನಡೆದರೆ ಒಳ್ಳೆಯದು.

ಡೆಬಿಟ್, ಕ್ರೆಡಿಟ್ ಗೊತ್ತಿಲ್ಲದವರು ಮೊದಲು ಲೆಕ್ಕಶಾಸ್ತ್ರದ ಬುನಾದಿ ಹಾಕಿಕೊಳ್ಳಿ, ಇಲ್ಲದಿದ್ದರೆ ಎರಡನೇ ಪಾಠದಲ್ಲೇ ಸುಸ್ತಾಗುತ್ತೀರಿ. ಕೋರ್ಸ್ ಎರಡು ಥರ ಸಿಗುತ್ತದೆ: ವಿಡಿಯೋ ಮಾತ್ರ, ಇಲ್ಲವೇ ನೋಟ್ ತಿದ್ದಿಕೊಡುವುದೂ ಸೇರಿ. ಎರಡನೆಯದು ದುಬಾರಿ, ಆದರೂ ಅದನ್ನೇ ತೆಗೆದುಕೊಳ್ಳಿ. ವಿಡಿಯೋ ಮಾತ್ರದ್ದಕ್ಕೆ ನನ್ನ ಶಿಫಾರಸಿಲ್ಲ. ಐದಕ್ಕೆ ಮೂರೂವರೆ.