ಸ್ಲೋ ಕುಕ್ಕರಿನಲ್ಲಿ ಅನ್ನ: ಹೈ, ಲೋ, ಇಲ್ಲವೇ ರೈಸ್ ಕುಕ್ಕರ್?

ಸ್ಲೋ ಕುಕ್ಕರ್ ಎಂದರೆ ಪಿಂಗಾಣಿ ಮಡಕೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟಿನ ಪಾತ್ರೆ. ಹೈ, ಲೋ ಅದರ ಬೇಗದ, ನಿಧಾನದ ಸೆಟ್ಟಿಂಗುಗಳು. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಉದ್ದ ಕಾಳಿನ ಕುಚ್ಚಲಕ್ಕಿ, ಕುದಿಯುವ ನೀರು, ಹೈ. ಎಲ್ಲ ಸುರಿದು ಲೋನಲ್ಲಿಟ್ಟು ಹೊರಗೆ ಹೋಗುವುದು ಮಾಂಸಕ್ಕೆ, ಸೂಪಿಗೆ ಸರಿ. ಅನ್ನಕ್ಕೆ ಆಗಿಬರುವುದಿಲ್ಲ.

ಹೆಚ್ಚಿನ ಸ್ಲೋ ಕುಕ್ಕರುಗಳಲ್ಲಿ ಲೋ ಆಗಲಿ ಹೈ ಆಗಲಿ, ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ, ಕುದಿಯುವುದಕ್ಕೆ ತುಸು ಕೆಳಗೆ. ಅಲ್ಲಿಗೆ ಮುಟ್ಟಲು ಲೋಗೆ ತುಂಬ ಹೊತ್ತು ಹಿಡಿಯುತ್ತದೆ. ಅಕ್ಕಿಯ ಪಿಷ್ಟ ಉಬ್ಬಿ ಮೆತ್ತಗಾಗುವುದು ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗೆ. ಅಷ್ಟು ಬಿಸಿಯಲ್ಲೇ ಬಹಳ ಹೊತ್ತು ಕೂತರೆ ಕಾಳಿನ ಹೊರಮೈ ಬಿರಿದು ಗಂಜಿ ಬಿಡುತ್ತದೆ, ಕಾಳಿನ ನಡುಭಾಗ ಮಾತ್ರ ಗಟ್ಟಿಯಾಗೇ ಇರುತ್ತದೆ. ಕುಚ್ಚಲಕ್ಕಿ ಭತ್ತವಾಗಿದ್ದಾಗಲೇ ಒಮ್ಮೆ ಬೆಂದು ಒಣಗಿರುವುದರಿಂದ ಇದನ್ನು ತಡೆದುಕೊಳ್ಳುತ್ತದೆ.

3ರಿಂದ 4 ಲೀಟರಿನ ಪಾತ್ರೆಗೆ ಒಂದೂವರೆ ಕಪ್ ಅಕ್ಕಿ, 3 ಕಪ್ ನೀರು ಅಥವಾ ಸ್ಟಾಕ್ (ತರಕಾರಿ ಇಲ್ಲವೇ ಮಾಂಸ ಕುದಿಸಿ ಸೋಸಿದ ನೀರು), 1 ಟೀ ಚಮಚ ಉಪ್ಪು. ಸ್ಟಾಕಿನಲ್ಲಿ ಉಪ್ಪಿದ್ದರೆ ಅರ್ಧ ಸಾಕು. ಮಡಕೆಯ ಒಳಗೋಡೆಗೆ ಬೆಣ್ಣೆ ಸವರಿ, ಖಾಲಿಯಾಗೇ ಹೈನಲ್ಲಿ ಹತ್ತು ನಿಮಿಷ ಬೆಚ್ಚಗಾಗಲು ಬಿಡಿ. ತಣ್ಣನೆಯ ಪಿಂಗಾಣಿಗೆ ಕುದಿನೀರು ಸುರಿದರೆ ಅದು ಸೀಳುವುದುಂಟು. ಅಷ್ಟರಲ್ಲಿ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಬೆಣ್ಣೆಗೆ ಈರುಳ್ಳಿ ಬಾಡಿಸಿ, ತೊಳೆದು ಸೋಸಿದ ಅಕ್ಕಿ ಹಾಕಿ ಕೈಗೆ ಬಿಸಿ ತಾಗುವವರೆಗೆ ಹುರಿಯಿರಿ. ಎಲ್ಲವನ್ನೂ ಮಡಕೆಗೆ ಹಾಕಿ, ಕುದಿಯುವ ನೀರು ಸುರಿದು ಒಮ್ಮೆ ಕಲಕಿ ಮುಚ್ಚಿ. ಒಂದೂವರೆಯಿಂದ ಎರಡು ಗಂಟೆಯಲ್ಲಿ ಆಗುತ್ತದೆ. ಕ್ಯಾರೆಟ್ ಹಾಕುವುದಾದರೆ ತೀರ ಸಣ್ಣಗೆ ಹೆಚ್ಚಿ. ಇಲ್ಲಿ ಅನ್ನ ಬೆಂದರೂ ಗೆಡ್ಡೆ ಬೇಯುವುದಿಲ್ಲ. ನಿಂಬೆರಸ ಕೊನೆಗೆ.

ಇಷ್ಟೆಲ್ಲ ಸರಿ ಮಾಡಿದರೂ ಕಾಡುವುದು ಮುಚ್ಚಳದ ನೀರು. ಆವಿ ಗಾಜಿಗೆ ತಾಗಿ ಹನಿಗಟ್ಟಿ, ಅಂಚಿಗೆ ಜಾರಿ, ಮತ್ತೆ ಒಳಕ್ಕೇ ಬೀಳುತ್ತದೆ. ಮೊದಲ ಒಂದು ಗಂಟೆ ಇದರಿಂದ ಲಾಭವೇ, ನೀರು ಆರುವುದಿಲ್ಲ. ಅನ್ನ ಅರಳಬೇಕಾದ ಹೊತ್ತಿಗೆ ಮಾತ್ರ ಅದೇ ಶತ್ರು. ಬಿಸಿ ಹೆಚ್ಚಾಗಿ ಬರುವುದು ಬದಿಯ ಗೋಡೆಯಿಂದ. ಹಾಗಾಗಿ ಅಂಚಿನ ಅನ್ನ ಒಣಗಿ ಕಂದಾಗಿ ಅಂಟಿಕೊಂಡಿರುತ್ತದೆ, ಮೇಲೆ ನಡುವಿನದು ಪಿಚಪಿಚ. ಸೌಟು ಹಾಕಿ ತಿರುವಿದರೆ ಮುಗಿಯಿತು, ಎರಡೂ ಸೇರಿ ಮುದ್ದೆ.

ನೀರು ಕಡಿಮೆ ಹಾಕಿದರೆ ಇದು ಸರಿಹೋಗುವುದಿಲ್ಲ, ಅಂಚು ಇನ್ನಷ್ಟು ಸೀಯುತ್ತದೆ ಅಷ್ಟೆ. ಒಂದು ಗಂಟೆ ಕಾಲು ಆದಮೇಲೆ ಒಮ್ಮೆ ತೆರೆಯಿರಿ. ಮೇಲೆ ನೀರು ನಿಂತಿರದೆ ಸಣ್ಣ ತೂತುಗಳು ಕಂಡರೆ ಮಡಕೆಯ ಬಾಯಿಗೆ ಎರಡು ಪದರದ ಹತ್ತಿ ಬಟ್ಟೆ ಹಾಸಿ ಮುಚ್ಚಳ ಇಡಿ. ಬಟ್ಟೆಯ ತುದಿಗಳನ್ನು ಮೇಲಕ್ಕೆತ್ತಿ ಹಿಡಿಗೆ ಕಟ್ಟಿ. ಬಿಸಿ ಮೈಗೆ ಜೋತುಬೀಳಬಾರದು. ಬಟಾಣಿ, ಕೊತ್ತಂಬರಿ ಸೇರಿಸಲೂ ಇದೇ ಸಮಯ. ಪ್ರತಿ ಸಲ ಮುಚ್ಚಳ ಎತ್ತಿದಾಗಲೂ ಕಳೆದ ಬಿಸಿ ಮರಳಲು ಹದಿನೈದಿಪ್ಪತ್ತು ನಿಮಿಷ ಬೇಕು. ಇಪ್ಪತ್ತೈದು ನಿಮಿಷ ಬಿಟ್ಟು ಆರಿಸಿ, ಹತ್ತು ನಿಮಿಷ ಹಾಗೇ ಇಟ್ಟು ಫೋರ್ಕಿನಿಂದ ಬಿಡಿಸಿ.

ಬಾಸ್ಮತಿ ಆಗುತ್ತದೆ, ಆದರೆ ಉದ್ದ ಉಳಿಯುವುದಿಲ್ಲ. ಗಿಡ್ಡ ಕಾಳಿನ ಬಿಳಿ ಅಕ್ಕಿ ಪಾಯಸಕ್ಕಷ್ಟೇ. ಪಾಲಿಶ್ ಮಾಡದ ಅಕ್ಕಿಗೆ ಎರಡೂಕಾಲು ಪಟ್ಟು ನೀರು, ಎರಡೂವರೆಯಿಂದ ಮೂರು ಗಂಟೆ. ರುಚಿಯಲ್ಲಿ ನನ್ನ ಎರಡನೇ ಆಯ್ಕೆ.

ಬರೀ ಬಿಳಿ ಅನ್ನ ಬೇಕಿದ್ದರೆ ರೈಸ್ ಕುಕ್ಕರಿನ ಮುಂದೆ ಇದು ನಿಲ್ಲುವುದಿಲ್ಲ. ನೀರು ಮುಗಿದ ಕೂಡಲೇ ತಳದ ಬಿಸಿ 100 ಡಿಗ್ರಿ ದಾಟುತ್ತದೆ, ಅದರ ಸ್ವಿಚ್ ತಾನೇ ಮೇಲಕ್ಕೆ ಹಾರುತ್ತದೆ. ಸ್ಲೋ ಕುಕ್ಕರಿಗೆ ನೀರು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ, ಟೈಮರ್ ಇದ್ದರೂ ಎಣಿಸುವುದು ಹೊತ್ತನ್ನಷ್ಟೇ. ಹಾಗಿದ್ದೂ ಒಲೆ, ಓವನ್ ಎರಡೂ ಮುಖ್ಯ ಅಡುಗೆಗೆ ಹೋದ ದಿನ, ಏಳೆಂಟು ಜನಕ್ಕೆ ಒಗ್ಗರಣೆಯ ಅನ್ನ ಬಿಸಿಯಾಗೇ ಕಾಯಬೇಕೆಂದಾಗ ನಾನು ಕೈಹಾಕುವುದು ಸ್ಲೋ ಕುಕ್ಕರಿಗೇ. ಇದಕ್ಕೆಂದೇ ದುಡ್ಡು ಹಾಕಿ ಕೊಳ್ಳಬೇಡಿ. ಮನೆಯಲ್ಲಿ ಬಿದ್ದಿದ್ದರೆ ಬಳಸಿ. ದಿನಾ ಅನ್ನ ಮಾಡುವವರಿಗೆ ಒಂದೇ ಸ್ವಿಚ್ಚಿನ ಸಣ್ಣ ರೈಸ್ ಕುಕ್ಕರ್ ಸಾಕು. ಮತ್ತೆ, ಅನ್ನವನ್ನು ವಾರ್ಮ್‌ನಲ್ಲಿ (ಬೆಂದದ್ದನ್ನು ಬಿಸಿಯಾಗಿಡುವ ಸೆಟ್ಟಿಂಗಿನಲ್ಲಿ) ಇಡುವುದಾದರೆ ಅದು 60 ಡಿಗ್ರಿಗಿಂತ ಮೇಲೇ ಇರುತ್ತದೆಯೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಿ. ಆರಿಸಿದ ಮಡಕೆಯಲ್ಲಿ ಉಗುರುಬೆಚ್ಚಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.